ಹಿಡಿದ ಪಿಸ್ಟನ್

1963ರಲ್ಲಿ ಮಹೀಂದ್ರ, ಅಮೆರಿಕದ ಇಂಟರ್‌ನ್ಯಾಷನಲ್ ಹಾರ್ವೆಸ್ಟರ್, ವೋಲ್ಟಾಸ್ ಸೇರಿ ಕಟ್ಟಿದ ಕಂಪನಿಯ ಬಿ-275 ಟ್ರ್ಯಾಕ್ಟರುಗಳು ಮುಂಬೈಯ ಕಾಂದಿವಲಿಯಲ್ಲಿ ತಯಾರಾದವು. ಆ ದಶಕದಲ್ಲಿ ಟ್ರ್ಯಾಕ್ಟರಿಗೆ ಹಣ ಕಟ್ಟಿ ಸರದಿ ಕಾಯಬೇಕಿತ್ತು. ಹಾಗಾಗಿ ಎಂಜಿನ್ ಹಿಡಿದುಕೊಂಡಿತೆಂದು ಗುಜರಿಗೆ ಹಾಕುವ ಮಾತೇ ಇರಲಿಲ್ಲ.

ಇಂಥ ಎಂಜಿನ್ನಿಗೆ ದುಡಿಮೆಗಿಂತ ಸುಮ್ಮನೆ ನಿಲ್ಲುವುದೇ ಕೇಡು ಎನ್ನುವೆ. ನೆಟ್ಟಗೆ ನಿಂತ ಸೈಲೆನ್ಸರಿಗೆ ಡಬ್ಬಿ ಕವುಚದಿದ್ದರೆ ಮಳೆನೀರು ತೆರೆದ ವಾಲ್ವಿನಿಂದ ಇಳಿದು, ರಿಂಗು ತುಕ್ಕಿನಿಂದ ಸಿಲಿಂಡರಿಗೆ ಅಂಟಿಕೊಳ್ಳುತ್ತದೆ. ಬಿಡಿಸಲು ಬೇಕಾದದ್ದು ತಾಳ್ಮೆ. ಹೆಡ್ ಬಿಚ್ಚಿ, ಡೀಸೆಲ್ಲಿಗೆ ಎಂಜಿನ್ ಆಯಿಲ್ ಬೆರೆಸಿ ಸುರಿದು ದಿನಗಟ್ಟಲೆ ನೆನೆಯಲು ಬಿಡಬೇಕು. ಆಮೇಲೆ ಫ್ಲೈವೀಲನ್ನು ಹಿಂದಕ್ಕೂ ಮುಂದಕ್ಕೂ ಎಳ್ಳಷ್ಟೆಳ್ಳಷ್ಟೇ ಅಲುಗಿಸಬೇಕು. ಸುತ್ತಿಗೆ ನೇರ ಬಿದ್ದರೆ ಅಲ್ಯೂಮಿನಿಯಂ ಪಿಸ್ಟನ್ ಒಡೆದೀತು. ನಡುವೆ ಮರದ ತುಂಡಿರಲಿ.

ಬಿಟ್ಟಿತೆಂದು ಒಡನೆ ಸ್ಟಾರ್ಟ್ ಮಾಡುವಂತಿಲ್ಲ. ಪಿಸ್ಟನ್ ಹೊರತೆಗೆದು, ತುಕ್ಕು ತಿಂದ ಗೋಡೆಯನ್ನು ಬೆರಳಾಡಿಸಿ ನೋಡಬೇಕು.