ಹಾಸಿಗೆ ಇಲ್ಲಿ, ಡಾಕ್ಟರು ಅಲ್ಲಿ

ನಮ್ಮ ಸಂಡೂರು ಕಡೆ ‘ಬಳ್ಳಾರಿಗೆ ಬರೆದುಕೊಟ್ರು’ ಅಂದ್ರೆ ಸಾಕು, ಕೇಳಿದವರ ಮುಖ ಇಳಿಯುತ್ತದೆ. ಕಾಯಿಲೆ ಕೈಮೀರಿದೆ, ವಿಮ್ಸ್‌ಗೆ ಒಯ್ಯಬೇಕು ಅಂತ ಅದರರ್ಥ. ನಮ್ಮೂರು ಯಶವಂತನಗರದಿಂದ ಹೊರಟ ಆಂಬುಲೆನ್ಸು ಅದಿರಿನ ಲಾರಿಗಳನ್ನು ದಾಟಿ ಬಳ್ಳಾರಿ ಮುಟ್ಟುವಷ್ಟರಲ್ಲಿ ಏನು ಬೇಕಾದರೂ ಆಗಬಹುದು. ಹಾಗಾದರೆ ತಜ್ಞರ ಕಣ್ಣನ್ನೇ ರೋಗಿಯ ಬಳಿ ತಂದರೆ?

ಈ ಯೋಚನೆ ಹಳೆಯದು. 1970ರ ದಶಕದಲ್ಲೇ ಅಮೆರಿಕದ ಕ್ಲೀವ್‌ಲ್ಯಾಂಡ್‌ನಲ್ಲಿ ದೊಡ್ಡಾಸ್ಪತ್ರೆಯ ತಜ್ಞರು ಟಿವಿ ಮೂಲಕ ಸಣ್ಣ ಆಸ್ಪತ್ರೆಯ ಐಸಿಯು ರೋಗಿಗಳನ್ನು ನೋಡಿದ್ದರು. ನಮ್ಮ ರಾಜ್ಯದಲ್ಲಿ 2002ರಲ್ಲಿ ಇಸ್ರೋ ಉಪಗ್ರಹವು ಚಾಮರಾಜನಗರದ ಜಿಲ್ಲಾಸ್ಪತ್ರೆಯನ್ನೂ ಸರಗೂರಿನ ವಿವೇಕಾನಂದ ಸ್ಮಾರಕ ಆಸ್ಪತ್ರೆಯನ್ನೂ ಬೆಂಗಳೂರಿನ ನಾರಾಯಣ ಹೃದಯಾಲಯಕ್ಕೆ ಜೋಡಿಸಿತು.

ಆಮೇಲೆ ಬಂದದ್ದು 2021ರ ಎರಡನೇ ಅಲೆ. ನಮ್ಮ ತಾಲ್ಲೂಕಿನದೇ ತೋರಣಗಲ್ಲಿನಲ್ಲಿ, ಜಿಂದಾಲ್ ಕಾರ್ಖಾನೆಯ ಆಕ್ಸಿಜನ್ನನ್ನು ಪೈಪಿನಲ್ಲೇ ಹರಿಸಿ ಸಾವಿರ ಹಾಸಿಗೆಯ ತಾತ್ಕಾಲಿಕ ಆಸ್ಪತ್ರೆ ಕಟ್ಟಿದರು. ಆಕ್ಸಿಜನ್‌ಗೆ ಪೈಪು ಹಾಕಬಹುದು, ತಜ್ಞರಿಗೆ ಹೇಗೆ ಹಾಕೋದು? ಅದೇ ವರ್ಷ ಶುರುವಾದ ‘10 ಬೆಡ್ ಐಸಿಯು’ ಯೋಜನೆ ಇದಕ್ಕೊಂದು ಉತ್ತರ: ಸಣ್ಣ ಸರಕಾರಿ ಆಸ್ಪತ್ರೆಯಲ್ಲಿ ಹತ್ತು ಹಾಸಿಗೆ, ಅವುಗಳ ಮೇಲೆ ಕಣ್ಣಿಡಲು ದೂರದ ಮೆಡಿಕಲ್ ಕಾಲೇಜಿನ ತಜ್ಞರು. ನಡುವೆ ‘ಕೇರ್’ ಎಂಬ ಓಪನ್ ಸೋರ್ಸ್ ಸಾಫ್ಟ್‌ವೇರು.

ಇಷ್ಟಾದರೆ ಸಾಕಾ? ಅಮೆರಿಕದ ಎರಡು ಅಧ್ಯಯನ ನೋಡಿ. 2009ರಲ್ಲಿ ಹೂಸ್ಟನ್‌ನ ಸಂಶೋಧಕರು, ಟೆಲಿ-ಐಸಿಯು ಬಂದಮೇಲೂ ಒಟ್ಟಾರೆ ಸಾವು ಕಡಿಮೆಯಾದದ್ದು ಕಾಣಲಿಲ್ಲ ಅಂದರು. ಅಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ರೋಗಿಗಳ ವಿಷಯದಲ್ಲಿ ಸ್ಥಳೀಯ ಡಾಕ್ಟರು ದೂರದವರಿಗೆ ಪೂರ್ತಿ ಅಧಿಕಾರ ಕೊಟ್ಟಿರಲಿಲ್ಲ. 2011ರಲ್ಲಿ ಮ್ಯಾಸಚೂಸೆಟ್ಸ್‌ನಿಂದ ಬೇರೆಯದೇ ಸುದ್ದಿ: ಸಾವು ಶೇ 13.6ರಿಂದ 11.8ಕ್ಕೆ ಇಳಿದಿತ್ತು. ಅವರು ಬರೀ ಪರದೆ ತೂಗುಹಾಕಲಿಲ್ಲ, ಕೆಲಸದ ಕ್ರಮವನ್ನೇ ಬದಲಿಸಿದರು. ವೆಂಟಿಲೇಟರ್ ರೋಗಿಗೆ ನ್ಯುಮೋನಿಯಾ ಆಗದಂತೆ, ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟದಂತೆ ಮಾಡಬೇಕಾದ್ದನ್ನೆಲ್ಲ ಮಾಡಿದ್ದಾರಾ ಅಂತ ದೂರದ ತಂಡ ಬಿಡದೆ ವಿಚಾರಿಸುತ್ತಿತ್ತು.

ಡ್ಯಾಶ್‌ಬೋರ್ಡು, ಅಲರ್ಟು ನನ್ನಂಥ ಬಿಇ ಓದಿದವರ ಕೆಲಸ. ಅಲರ್ಟು ಕೂಗಿದಾಗ ಎದ್ದುಹೋಗಿ ಟ್ಯೂಬು ಸರಿಮಾಡೋದು ಹಾಸಿಗೆ ಪಕ್ಕದ ನರ್ಸು. ಅವರಿಲ್ಲದಿದ್ದರೆ ಪರದೆಯಲ್ಲಿ ಕಾಣೋದು ರೋಗಿ ಸಾಯೋದಷ್ಟೇ.

ಹಾಗಾಗಿ ನಿಮ್ಮ ತಾಲ್ಲೂಕಿನಲ್ಲೂ ಟೆಲಿ-ಐಸಿಯು ರಿಬ್ಬನ್ ಕತ್ತರಿಸಿದರೆ ಖುಷಿಪಡಿ. ಜೊತೆಗೆ ಎರಡು ಪ್ರಶ್ನೆ ಕೇಳಿ: ರಾತ್ರಿ ಪಾಳಿಗೆ ಎಷ್ಟು ಜನ ನರ್ಸ್‌ಗಳಿದ್ದಾರೆ? ಆ ಕಡೆಯಿಂದ ಬಂದ ಮಾತನ್ನು ಈ ಕಡೆ ಯಾರು ನಡೆಸಿಕೊಡ್ತಾರೆ?