ಪೇಟಿ, ತಂಬೂರಿ ಮತ್ತು ಕಾಲಲ್ಲಿ ಒತ್ತುವ ಪೆಟ್ಟಿಗೆ

ಕುಂದಗೋಳದ ತಮ್ಮನ ಮನೆಗೆ ಹೋದರೆ ನನಗೆ ಮೊದಲು ಚಹಾ, ಆಮೇಲೆ ಪಂಚಾಯಿತಿ. ಹೋದ ದೀಪಾವಳಿಯಲ್ಲಿ ಬಂದ ವ್ಯಾಜ್ಯ ಒಂದು ಪೆಟ್ಟಿಗೆಯದು. ತಮ್ಮನ ಮೊಮ್ಮಗಳು ರೈಲಿನಲ್ಲಿ ಹುಬ್ಬಳ್ಳಿಯ ಕಾಲೇಜಿಗೆ ಹೋಗಿಬರುತ್ತಾಳೆ, ಅಲ್ಲೇ ಎಲೆಕ್ಟ್ರಿಕ್ ಗಿಟಾರ್ ಕಲಿಯುತ್ತಾಳೆ. ಗಿಟಾರ್ ಬಂದು ವರ್ಷವಾಯಿತು. ಈಗ ಅದಕ್ಕೆ ‘ಮಲ್ಟಿ ಎಫೆಕ್ಟ್’ ಪೆಡಲು ಬೇಕಂತೆ.

ತಂತಿಯ ದನಿ ವೈರಿನಲ್ಲಿ ಹರಿದು, ಈ ಪೆಟ್ಟಿಗೆಯನ್ನು ಹಾಯ್ದು ಸ್ಪೀಕರಿಗೆ ಹೋಗುತ್ತದೆ. ಹಾಯುವಾಗ ಅದಕ್ಕೆ ಬಾವಿಯೊಳಗಿನ ಪ್ರತಿಧ್ವನಿ ಕೊಡಬಹುದು, ಅಲೆ ಕೊಡಬಹುದು, ಗರಗಸದ ಒರಟುತನ ಕೊಡಬಹುದು. ಮೊದಲು ಒಂದೊಂದಕ್ಕೆ ಒಂದೊಂದು ಡಬ್ಬಿ ಇತ್ತು. ಈಗ ಎಲ್ಲವೂ ಒಂದರಲ್ಲೇ. ಕೈ ತಂತಿಯ ಮೇಲಿರುವುದರಿಂದ ಕಾಲಿನಿಂದ ಒತ್ತಿ ಬದಲಿಸುವುದು.

ಹುಡುಗಿ ಎರಡನ್ನು ನೋಡಿಟ್ಟಿದ್ದಳು. ಒಂದು ದೊಡ್ಡದು, ದುಬಾರಿ. “ಅಜ್ಜೀ, ಇದರಾಗ ಎರಡನೂರು ಸೌಂಡ ಅದಾವು!” ಇನ್ನೊಂದು ಸಣ್ಣದು, ಬೆಲೆ ಅದರ ಮೂರರಲ್ಲಿ ಒಂದು ಪಾಲು. ತಮ್ಮ ಮಾತ್ರ ಎರಡಕ್ಕೂ ಒಪ್ಪಲಿಲ್ಲ. “ಸಂಗೀತಾ ಪೆಟ್ಟಿಗ್ಯಾಗ ಇರತದೇನು?” ಎಂದ.

ನಾನು ಸುಮ್ಮನಾದೆ. ಮೂವತ್ತು ವರ್ಷದ ಹಿಂದೆ ಅದೇ ಮಾತನ್ನು ನಾನೇ ಆಡಿದ್ದೆ.

ಈ ಜಗಳ ನಮ್ಮ ಸೀಮೆಗೆ ಹೊಸದಲ್ಲ. ಮೊದಲು ನಡೆದದ್ದು ಪೇಟಿಯ ಮೇಲೆ. ನಾವು ಪೇಟಿ ಎನ್ನುವ ಹಾರ್ಮೋನಿಯಂ ಹುಟ್ಟಿದ್ದು ಪ್ಯಾರಿಸಿನಲ್ಲಿ. ಅಲೆಕ್ಸಾಂದ್ರ್ ದೆಬೆಯಾ ಎಂಬವನು 1842ರಲ್ಲಿ ಅದಕ್ಕೆ ಪೇಟೆಂಟು ಪಡೆದ. ಅದು ಕಾಲಲ್ಲಿ ತುಳಿದು ಗಾಳಿ ಊದುವ ವಾದ್ಯ. ಕಲಕತ್ತೆಯ ದ್ವಾರಕಾನಾಥ ಘೋಷರು ಅದನ್ನು ನೆಲದ ಮೇಲೆ ಕುಳಿತು ಒಂದು ಕೈಯಿಂದ ಊದಿ ಇನ್ನೊಂದು ಕೈಯಿಂದ ನುಡಿಸುವ ಹಾಗೆ ಮಾಡಿದರು. ನಾಟಕ ಕಂಪನಿಗಳಿಗೂ ಭಜನೆಯ ಮಂದಿಗೂ ಅದು ಪ್ರಾಣವಾಯಿತು. ಆದರೆ ಪೇಟಿಯ ಸ್ವರಗಳು ಮೆಟ್ಟಿಲಿನಂತೆ ಬಿಡಿಬಿಡಿ. ಒಂದರಿಂದ ಇನ್ನೊಂದಕ್ಕೆ ಜಾರುವ ಮೀಂಡ್ ಅದಕ್ಕೆ ಬಾರದು. ಇದೇ ದೋಷ ಹೊರಿಸಿ 1940ರಲ್ಲಿ ಆಕಾಶವಾಣಿ ಅದನ್ನು ಹೊರಗಿಟ್ಟಿತು. ನಮ್ಮ ಧಾರವಾಡ ಕೇಂದ್ರ 1950ರ ಜನವರಿಯಲ್ಲಿ ಶುರುವಾದಾಗಲೂ ಆ ನಿಷೇಧ ಇತ್ತು. ಅದು ಸಡಿಲವಾದದ್ದು 1971ರಲ್ಲಿ. ಅಷ್ಟರವರೆಗೆ ಊರ ಗುಡಿಯಲ್ಲಿ ಪೇಟಿ ಹಾಡುತ್ತಿತ್ತು, ರೇಡಿಯೋದಲ್ಲಿ ಬಾಯಿ ಮುಚ್ಚಿಕೊಂಡಿತ್ತು.

ತಂಬೂರಿಗೆ ಮಾತ್ರ ಯಾರ ತಕರಾರೂ ಇರಲಿಲ್ಲ. ಕುಂದಗೋಳದಲ್ಲಂತೂ ಅದು ದೇವರ ಸಮಾನ. 1886ರಲ್ಲಿ ಹುಟ್ಟಿದ ರಾಮಭಾವು ಕುಂದಗೋಳಕರರು ಕಿರಾಣಾ ಘರಾಣೆಯ ಅಬ್ದುಲ್ ಕರೀಂ ಖಾನರ ಶಿಷ್ಯರಾಗಿ, ನಾಟಕಗಳಲ್ಲಿ ಹೆಣ್ಣುಪಾತ್ರ ಮಾಡಿ, ಸವಾಯಿ ಗಂಧರ್ವರೆಂದು ಹೆಸರಾದರು. ಅವರ ಪುಣ್ಯತಿಥಿಯ ಸಂಗೀತೋತ್ಸವಕ್ಕೆ ಇಲ್ಲಿಯ ನಾಡಗೇರ ವಾಡೆಯೇ ಮನೆ. 1930ರ ದಶಕದ ಕೊನೆಗೆ ಗಂಗೂಬಾಯಿ ಹಾನಗಲ್ಲರು ಹುಬ್ಬಳ್ಳಿಯಿಂದ ರೈಲಿನಲ್ಲಿ ಬಂದು ಅವರಲ್ಲಿ ಕಲಿತು ಮರಳಿ ಹೋಗುತ್ತಿದ್ದರು. ನಮ್ಮ ಹುಡುಗಿ ಈಗ ಅದೇ ಹಳಿಯ ಮೇಲೆ ಎದುರು ದಿಕ್ಕಿಗೆ ಹೋಗುತ್ತಾಳೆ, ಅಷ್ಟೇ.

ಆದರೆ ತಂಬೂರಿಯ ಗುಟ್ಟು ಏನು ಗೊತ್ತೇ? ಅದೂ ಒಂದು ‘ಎಫೆಕ್ಟ್’! ಬರೀ ತಂತಿ ಮೀಟಿದರೆ ಠಣ್ ಎಂದು ಸುಮ್ಮನಾಗುತ್ತದೆ. ಅಗಲವಾದ ಕುದುರೆಯ ಮೇಲೆ, ತಂತಿಯ ಕೆಳಗೆ ಒಂದು ನೂಲಿನ ಎಳೆ ತೂರಿಸಿ ಕೂದಲೆಳೆಯಷ್ಟು ಹಿಂದೆ ಮುಂದೆ ಸರಿಸುತ್ತಾರೆ. ಆಗ ತಂತಿ ಕುದುರೆಯನ್ನು ಒರಸಿ ಒರಸಿ ಝೇಂಕರಿಸುತ್ತದೆ, ಒಂದು ಸ್ವರದೊಳಗಿನ ಹತ್ತಾರು ಸೂಕ್ಷ್ಮ ಸ್ವರಗಳು ಅರಳುತ್ತವೆ. ಅದಕ್ಕೆ ಜವಾರಿ ಎನ್ನುತ್ತಾರೆ. ಹತ್ತಿ ಬೆಳೆಯುವ ನಮ್ಮ ಕರಿಮಣ್ಣಿನ ನಾಡಿನಲ್ಲಿ ಒಂದೆಳೆ ನೂಲಿಗೇನು ಬಡತನ?

ನನ್ನದೂ ಒಂದು ತಂಬೂರಿ ಇತ್ತು, ಮಿರಜಿನದು. 1980ರಲ್ಲಿ ಮದುವೆಯಾಗಿ ಎರಡು ಕೋಣೆಯ ಬಾಡಿಗೆ ಮನೆಗೆ ಬಂದಾಗ ಆಳೆತ್ತರದ ಆ ವಾದ್ಯ ಇಡಲು ಜಾಗವಿರಲಿಲ್ಲ, ತವರಿನಲ್ಲೇ ಉಳಿಯಿತು. ಜಾಗವಿದ್ದರೂ ಕೈ ಎಲ್ಲಿತ್ತು? ಮಡಿಲಲ್ಲಿ ಮಗು, ಒಲೆಯ ಮೇಲೆ ಹಾಲು. ತಂತಿ ಮೀಟುವ ಬೆರಳು ಹಿಟ್ಟಿನಲ್ಲಿ.

ಅಷ್ಟರಲ್ಲಿ ಬೆಂಗಳೂರಿನ ಜಿ. ರಾಜ್ ನಾರಾಯಣ ಎಂಬ ಎಂಜಿನಿಯರು 1979ರಲ್ಲಿ ಎಲೆಕ್ಟ್ರಾನಿಕ್ ತಂಬೂರಿ ಮಾಡಿದ್ದರು. ಅದು ನಮ್ಮ ಓಣಿಗೆ ಬರಲು ಹತ್ತು ಹನ್ನೆರಡು ವರ್ಷ ಹಿಡಿಯಿತು. ಪಕ್ಕದ ಮನೆಯ ಗೆಳತಿ ಒಂದು ತಂದಳು. ಊಟದ ಡಬ್ಬಿಯಷ್ಟಿತ್ತು. ಒಂದು ಗುಂಡಿ ತಿರುಗಿಸಿದರೆ ಶ್ರುತಿ ಏರುತ್ತದೆ, ಇನ್ನೊಂದಕ್ಕೆ ಮೀಟಿನ ವೇಗ ಬದಲಾಗುತ್ತದೆ. ಅವಳು ಅದನ್ನು ಅಡುಗೆಮನೆಯ ಕಟ್ಟೆಯ ಮೇಲಿಟ್ಟು, ರೊಟ್ಟಿ ಬಡಿಯುತ್ತಲೇ ಷಡ್ಜ ಹಿಡಿಯುತ್ತಿದ್ದಳು. “ನೀನೂ ಒಂದ ತೊಗೋ” ಎಂದಳು.

ನಾನು ಮೂಗು ಮುರಿದೆ. ಕರೆಂಟಿನ ತಂಬೂರಿಯಲ್ಲಿ ಜೀವ ಎಲ್ಲಿದೆ? ಸಂಗೀತ ಪೆಟ್ಟಿಗೆಯಲ್ಲಿ ಇರುತ್ತದೆಯೇ? ನಿಜ ಹೇಳಬೇಕೆಂದರೆ, ಅದರ ದನಿ ಮಿರಜಿನ ತಂಬೂರಿಯ ಸಮ ಇರಲಿಲ್ಲ. ಆದರೆ ಗೆಳತಿ ಇವತ್ತಿಗೂ ಹಾಡುತ್ತಾಳೆ. ನಾನು ಶುದ್ಧವಾದದ್ದನ್ನೇ ಕಾಯುತ್ತ ಕುಳಿತು ಹಾಡುವುದನ್ನೇ ಬಿಟ್ಟೆ. ಮನೆಯವರು ಯಾರೂ ಬೇಡ ಎನ್ನಲಿಲ್ಲ. ಬೇಡ ಎಂದವಳು ನಾನೇ.

ಇಷ್ಟನ್ನೂ ತಮ್ಮನಿಗೆ ಹೇಳಿದೆ. ಹುಡುಗಿ ತನ್ನ ಕಡೆಯ ಕತೆಯೊಂದನ್ನು ಸೇರಿಸಿದಳು. 1961ರಲ್ಲಿ ಬಂದ ಅಮೆರಿಕದ ಒಂದು ಹಾಡಿನ ಧ್ವನಿಮುದ್ರಣದಲ್ಲಿ, ನ್ಯಾಶ್‌ವಿಲ್ ಎಂಬ ಊರಿನ ಸ್ಟುಡಿಯೋದ ಯಂತ್ರ ಕೆಟ್ಟು ಗಿಟಾರಿನ ದನಿ ಹರಿದುಹೋಯಿತಂತೆ. ಆ ಹರಕು ದನಿಯೇ ಜನರಿಗೆ ಹಿಡಿಸಿತು. ಬೇಕೆಂದಾಗ ದನಿ ಹರಿಯುವ ಡಬ್ಬಿಯನ್ನೇ ಮಾಡಿ 1962ರಲ್ಲಿ ಮಾರಿದರು, ಅದರ ಹೆಸರು ಫಜ್. ನನಗೆ ನಗು ಬಂತು. ಅವರು ತಂತಿ ಝೇಂಕರಿಸಲು ಕರೆಂಟು ಹಾಯಿಸಿದರು, ನಮ್ಮವರು ನೂಲು ಹಾಯಿಸಿದ್ದರು.

ಹಾಗಾದರೆ ಯಾವ ಪೆಟ್ಟಿಗೆ? ನಾನು ಹುಡುಗಿಗೆ, “ಮೊದಲ ಏನೂ ಹಚ್ಚದ ಬಾರಿಸು” ಎಂದೆ. ಬರೀ ಗಿಟಾರಿನಲ್ಲಿ ಬಾರಿಸಿದಳು. ಎರಡು ಕಡೆ ತಂತಿ ಶ್ರುತಿ ಬಿಟ್ಟಿತ್ತು, ಒಂದು ಕಡೆ ಬೆರಳು ತಡವರಿಸಿತು. ಪ್ರತಿಧ್ವನಿಯ ಸೆರಗಿನಲ್ಲಿ ಇವೆಲ್ಲ ಮುಚ್ಚಿಹೋಗುತ್ತವೆ, ಮುಚ್ಚಿದ್ದು ತಿದ್ದುವುದಿಲ್ಲ. ಆಮೇಲೆ ಲೆಕ್ಕ ಹಾಕಿದೆವು. ಎರಡುನೂರು ದನಿಗಳಲ್ಲಿ ಅವಳು ಬಳಸುವವು ಎಷ್ಟು? ಬೆರಳು ಮಡಿಸಿ ಎಣಿಸಿದಳು, ಐದು. ಅವು ಸಣ್ಣದರಲ್ಲೂ ಇದ್ದವು. ಶ್ರುತಿ ತೋರಿಸುವ ದೀಪ ಇತ್ತು, ತಾಳ ಹಾಕುವ ವ್ಯವಸ್ಥೆ ಇತ್ತು. ಕಿವಿಗೆ ಹೆಡ್‌ಫೋನು ಸಿಕ್ಕಿಸುವ ತೂತಿತ್ತು. ತಮ್ಮಂದಿರ ಪರೀಕ್ಷೆ ಇದ್ದರೂ ರಾತ್ರಿ ಬಾರಿಸಬಹುದು. ಕಾಲಿನ ಗುಂಡಿ ಎರಡೇ, ಆದರೆ ಅವಳಿಗೆ ಇನ್ನೂ ವೇದಿಕೆಯೂ ಇಲ್ಲ. ನನ್ನ ಮಾತು ಇಷ್ಟೇ ಆಗಿತ್ತು: ತಪ್ಪು ಮುಚ್ಚಲು ಕೊಳ್ಳಬೇಡ, ದಿನಾ ಕೂಡಲು ಯಾವುದು ಅನುಕೂಲವೋ ಅದನ್ನು ಕೊಳ್ಳು. ಸಣ್ಣದೇ ಬಂತು. ತಮ್ಮ ಅರ್ಧ ದುಡ್ಡು ಕೊಟ್ಟ, ಇನ್ನರ್ಧ ನಾನು.

ಸಂಕ್ರಾಂತಿಗೆ ಹೋದಾಗ ಹುಡುಗಿ ಪೆಟ್ಟಿಗೆಯ ಇನ್ನೊಂದು ಕರಾಮತ್ತು ತೋರಿಸಿದಳು. ಬಾರಿಸಿದ ನಾಲ್ಕು ಕ್ಷಣದ ದನಿಯನ್ನು ಅದು ಹಿಡಿದಿಟ್ಟುಕೊಂಡು, ಕಾಲು ಒತ್ತುವವರೆಗೆ ಮತ್ತೆ ಮತ್ತೆ ಹೇಳುತ್ತದೆ. ಅವಳು ನಿಧಾನವಾಗಿ ಪಂಚಮ ಮೀಟಿದಳು, ಎರಡು ಸಲ ಷಡ್ಜ, ಕೊನೆಗೆ ಮಂದ್ರದ ಷಡ್ಜ. ಮೀಟಿದವಳು ಕೈ ತೆಗೆದಳು, ದನಿ ನಿಲ್ಲಲಿಲ್ಲ.

“ಹಾಡಜ್ಜಿ” ಎಂದಳು.

ದನಿ ಒಡೆದಿತ್ತು. ಗಂಗೂಬಾಯಿಯವರ ದನಿ ಗಂಟಲಿನ ಚಿಕಿತ್ಸೆಯ ನಂತರ ಗಡಸಾಯಿತು. ಅವರು ಆ ದನಿಯಲ್ಲೇ ಜಗತ್ತನ್ನು ಗೆದ್ದರು. ನನ್ನದು ಬರೀ ಬಳಸದೆ ತುಕ್ಕು ಹಿಡಿದದ್ದು. ಆದರೂ ಮೂರನೆಯ ಸಲಕ್ಕೆ ಷಡ್ಜ ಸಿಕ್ಕಿತು. ತಮ್ಮ ಓದುತ್ತಿದ್ದ ಪೇಪರು ಮಡಿಸಿ ಪಕ್ಕಕ್ಕಿಟ್ಟ. ನಾನು ಅಡುಗೆಮನೆಗೆ ಹೋಗಿ ಬೆರಳಿನ ಎಣ್ಣೆ ತೊಳೆದುಕೊಂಡು ಬಂದು, ಸರಿಯಾಗಿ ಕುಳಿತೆ.