ತೀರ್ವೆಯ ಲೆಕ್ಕ, ಒಕ್ಕಲಿನ ಲೆಕ್ಕ

ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬುದು ಗೃಹಸ್ಥನಿಗೆ ಹೇಳಿದ ಮಾತು. ಸರಕಾರಕ್ಕೂ ಅದು ಸಲ್ಲುವುದೇ ಎಂಬ ಚರ್ಚೆ ಪ್ರತಿವರ್ಷ ಆಯವ್ಯಯ ಪತ್ರ ಮಂಡನೆಯಾದಾಗ ಏಳುತ್ತದೆ. ತೆರಿಗೆ ಇಳಿಸಿದರೆ ವ್ಯವಹಾರ ಬೆಳೆಯುತ್ತದೆ ಎನ್ನುವವರು ಕೆಲವರು. ಬೊಕ್ಕಸ ಬರಿದಾದರೆ ಶಾಲೆ ಆಸ್ಪತ್ರೆಗಳ ಗತಿಯೇನು ಎನ್ನುವವರು ಕೆಲವರು. ನಾನು ಅರ್ಥಶಾಸ್ತ್ರಜ್ಞನಲ್ಲ, ಕನ್ನಡ ಕಲಿಸಿದವನು. ಆದರೂ ನೇತ್ರಾವತಿಯ ದಡದ ಬಂಟ್ವಾಳ ಸೀಮೆಯ ಚರಿತ್ರೆಯನ್ನು ಓದುವಾಗ ಈ ವಾದ ಹೊಸದಲ್ಲವೆಂದು ನನಗೆ ತೋರುತ್ತದೆ.

1799ರಲ್ಲಿ ಟಿಪ್ಪುವಿನ ಪತನಾನಂತರ ಕೆನರಾ ಜಿಲ್ಲೆ ಕಂಪೆನಿಯ ವಶವಾಯಿತು. ಕಲೆಕ್ಟರನಾಗಿ ಬಂದ ಥಾಮಸ್ ಮನ್ರೊ ಹಳೆಯ ಲೆಕ್ಕಪತ್ರಗಳನ್ನು ತೆಗೆಸಿ ನೋಡಿದ. ಪೂರ್ವದ 'ರೇಖೆ'ಯ ಮೇಲೆ ಕೆಳದಿಯ ಅರಸರ ಏರಿಕೆ, ಅದರ ಮೇಲೆ ಹೈದರ್-ಟಿಪ್ಪು ಕಾಲದ 'ಶಾಮಿಲು' - ಹೀಗೆ ತೀರ್ವೆ ಪದರ ಪದರವಾಗಿ ಬೆಳೆದಿತ್ತು. ಮಿತವಾದ ತೀರ್ವೆಯಿಂದಲೇ ಭೂಮಿಗೆ ಬೆಲೆ ಎಂಬುದು ಅವನ ನಂಬಿಕೆ. 1807ರಲ್ಲಿ ಬಳ್ಳಾರಿ, ಕಡಪೆಗಳ ಸೀಮೆಯಲ್ಲಿ ನೂರಕ್ಕೆ 25ರಷ್ಟು ಇಳಿಸಬೇಕೆಂದು ಆತ ಬರೆದಾಗ ಮೇಲಿನವರು ಒಪ್ಪಲಿಲ್ಲ. 1820ರಲ್ಲಿ ಅವನೇ ಮದರಾಸಿನ ಗವರ್ನರನಾದ ಮೇಲಷ್ಟೇ ಆ ಮಾತು ನಡೆಯಿತು.

ಮುಂದೆ 1824ರಿಂದ 1826ರ ವರೆಗಿನ ಬರ್ಮಾ ಯುದ್ಧ ಕಂಪೆನಿಯನ್ನು ಕೊರತೆಗೆ ತಳ್ಳಿತು. 1828ರಲ್ಲಿ ಬಂದ ಬೆಂಟಿಂಕ್ ಸೈನ್ಯಾಧಿಕಾರಿಗಳ ಭತ್ಯೆಗೂ ಕತ್ತರಿ ಹಾಕಿದ. ಅದೇ ಹೊತ್ತಿಗೆ ಧಾನ್ಯದ ಬೆಲೆ ಕುಸಿದಿತ್ತು. ತೀರ್ವೆ ರೂಪಾಯಿಯಲ್ಲಿ ನಿಂತಲ್ಲೇ ನಿಂತರೂ ಅಕ್ಕಿಯ ಮುಡಿಯಲ್ಲಿ ಏರುತ್ತ ಹೋಯಿತು. 1830-31ರಲ್ಲಿ ರೈತರು 'ಕೂಟ' ಕಟ್ಟಿ ತೀರ್ವೆ ಕೊಡಲೊಲ್ಲೆವೆಂದರು. ಕದ್ರಿಯ ಮಂಜುನಾಥನ ಸನ್ನಿಧಿ ಅವರ ಮುಖ್ಯ ಸಭಾಸ್ಥಾನವಾಯಿತು.

ಆ ಪಾಠ ಕಲಿತಂತೆ ಕಾಣುವುದಿಲ್ಲ. 1834ರಲ್ಲಿ ಕೊಡಗು ಕಂಪೆನಿಗೆ ಸೇರಿದಾಗ ಅಮರಸುಳ್ಯ ಮಾಗಣೆಯನ್ನು ಕೆನರಾಕ್ಕೆ ಕೂಡಿಸಿದರು. ಅಲ್ಲಿ ಧಾನ್ಯದಲ್ಲಿ ಸಲ್ಲುತ್ತಿದ್ದ ತೀರ್ವೆ ನಾಣ್ಯದಲ್ಲಿ ಬರಬೇಕಾಯಿತು. ನಾಣ್ಯ ಬೇಕೆಂದರೆ ಸುಗ್ಗಿಯಲ್ಲೇ ಸಿಕ್ಕಿದ ಬೆಲೆಗೆ ಮಾರಬೇಕು, ಇಲ್ಲವೆ ಸಾಹುಕಾರನ ಬಾಗಿಲು ತಟ್ಟಬೇಕು. 1837ರಲ್ಲಿ ಕೆದಂಬಾಡಿ ರಾಮಯ್ಯ ಗೌಡ ಮೊದಲಾದವರ ಮುಂದಾಳುತನದ ದಂಡು ಬೆಳ್ಳಾರೆಯ ಖಜಾನೆಯನ್ನು ಹಿಡಿದು, ಪುತ್ತೂರು, ಬಂಟ್ವಾಳಗಳ ದಾರಿಯಲ್ಲಿ ಸಾಗಿತು. ನಂದಾವರದ ಬಂಗರಸ ಜೊತೆಗೂಡಿದ. ಏಪ್ರಿಲ್ 5ರಂದು ಮಂಗಳೂರು ಅವರದಾಯಿತು. ಎರಡು ವಾರ ತುಂಬುವ ಮೊದಲೇ ಅದು ಕೈಬಿಟ್ಟಿತು, ನಾಯಕರಿಗೆ ಗಲ್ಲಾಯಿತು. 'ಕಲ್ಯಾಣಪ್ಪನ ಕಾಟಕಾಯಿ' ಎಂದು ಜನರ ಬಾಯಲ್ಲಿ ಉಳಿದದ್ದು ಇದೇ ಘಟನೆ. ಹಾಲೇರಿ ಅರಸುಮನೆಯ ಮೇಲಿನ ನಿಷ್ಠೆಯೂ ಇದಕ್ಕೆ ಕಾರಣವೆಂಬುದನ್ನು ಮರೆಯಲಾಗದು. ಆದರೆ ಹೊಲದವರನ್ನು ಆ ದಂಡಿಗೆ ಕೂಡಿಸಿದ್ದು ತೀರ್ವೆ.

ಬೆಲೆ ಕುಸಿದ ಕಾಲದಲ್ಲಿ ಸರಕಾರ ಸಾಲ ಮಾಡಿಯಾದರೂ ಖರ್ಚು ಮಾಡಬೇಕೆಂದು ಕೇನ್ಸ್ 1936ರಲ್ಲಿ ವಾದಿಸಿದ. ಕಂಪೆನಿ ಮಾಡಿದ್ದು ಇದರ ತಿರುವುಮುರುವು: ವಸೂಲಿ ಇಲ್ಲಿ, ವೆಚ್ಚ ದೂರದ ಯುದ್ಧಕ್ಕೆ. ಹಾಗೆಂದು ಸಾಲಕ್ಕೆ ಮಿತಿ ಬೇಡವೆಂದು ನಾನು ಹೇಳಲಾರೆ. ನಮ್ಮ ರಾಜ್ಯವೇ 2002ರಲ್ಲಿ ವಿತ್ತೀಯ ಹೊಣೆಗಾರಿಕೆಯ ಶಾಸನ ಮಾಡಿ, ಕೊರತೆಗೆ ರಾಜ್ಯದ ಒಟ್ಟು ಉತ್ಪನ್ನದ ನೂರಕ್ಕೆ 3ರ ಮಿತಿಯನ್ನು ಗುರಿಯಾಗಿರಿಸಿತು. ಇಂದಿನ ಸಾಲವನ್ನು ನಾಳಿನ ಮಕ್ಕಳೇ ತೀರಿಸಬೇಕಷ್ಟೆ. ಆದರೆ ಸರಕಾರದ ಪುಸ್ತಕದಲ್ಲಿ ಕಾಣುವ ಕೊರತೆಯೊಂದೇ ಕೊರತೆಯಲ್ಲ. ಆ ಪುಸ್ತಕ ಸರಿದೂಗಲೆಂದು ಬಡವನ ಕಣಜ ಬರಿದಾದರೆ ಕೊರತೆ ತೀರಿದಂತಾಗಲಿಲ್ಲ, ಮನೆ ಬದಲಿಸಿದಂತಾಯಿತು. ತೆರಿಗೆ ಎಷ್ಟು ಎಂಬುದರೊಡನೆ ಅದು ಯಾರಿಂದ, ಯಾವ ಹೊತ್ತಿನಲ್ಲಿ, ಯಾತಕ್ಕಾಗಿ ಎಂಬುದನ್ನೂ ಕೇಳುವುದು ಪ್ರಜೆಯ ಹಕ್ಕು. ಅಂದಿನ ರೈತನಿಗೆ ಅದನ್ನು ಕೇಳಲು ಕೂಟ ಕಟ್ಟಬೇಕಾಯಿತು, ಕೊನೆಗೆ ಕತ್ತಿ ಹಿಡಿಯಬೇಕಾಯಿತು. ನಮಗೆ ಶಾಸನಸಭೆಯಿದೆ, ಮತವಿದೆ. ಕೇಳದೆ ಸುಮ್ಮನಿರುವುದಕ್ಕೆ ನಮಗೆ ನೆಪವಿಲ್ಲ.